ಸರ್ಕಾರಿ ಕುಂಚಿಗೆ

ಅನ್ನಪೂರ್ಣಾ, ಸಂಗಮೇಶಾ,

ಹೋದ ವಾರ, ಬಸುರಿ ಅನ್ನಪೂರ್ಣಾಳ ಕುಬುಸಕ್ಕೆ ಉಡಲು ಹಳೆಯ ಇಲಕಲ್ಲ ಸೀರೆ ಬೇಕೆಂದು ನೀವಿಬ್ಬರೂ ನನ್ನ ಟ್ರಂಕು ತೆಗೆದಿರಿ. ಎಲ್ಲ ಸೀರೆಗಳ ತಳದಲ್ಲಿ ಒಂದು ಕುಂಚಿಗೆ ಸಿಕ್ಕಿತು. ಕೂಸಿನ ತಲೆಗೆ ಟೊಪ್ಪಿಗೆಯಾಗಿ ಕೂತು ಬೆನ್ನ ಮೇಲೆ ಇಳಿಯುವ, ಗುಳೇದಗುಡ್ಡದ ಕುಪ್ಪಸದ ಖಣದಲ್ಲಿ ಹೊಲಿದ ಕುಂಚಿಗೆ. ಸಂಗಮೇಶಾ, ನೀನು ಅದನ್ನು ತಲೆಯ ಮೇಲೆ ಇಟ್ಟುಕೊಂಡು, "ಅಪ್ಪನ ಸರ್ಕಾರಿ ಕುಂಚಿಗಿ ಇದ ಏನ ಆಯಿ? ಸರ್ಕಾರದವರು ಬಣ್ಣ ಗಟ್ಟಿ ಇದ್ದದ್ದರ ಕೊಡಬೇಕಿತ್ತಲ್ಲ!" ಎಂದು ಎಲ್ಲರನ್ನೂ ನಗಿಸಿದೆ. ಅನ್ನಪೂರ್ಣಾ, ನೀನು ನಗಲಿಲ್ಲ. ಅದನ್ನು ಮೂಗಿಗೆ ಹಿಡಿದು, "ದವಾಖಾನಿ ವಾಸನಿ ಬರ್ತದಲ್ಲ ಆಯಿ" ಎಂದೆ.

ಅಷ್ಟು ವರ್ಷದ ವಾಸನೆ ಬಟ್ಟೆಯಲ್ಲಿ ಉಳಿಯುವುದಿಲ್ಲ. ಅದು ಟ್ರಂಕಿನಲ್ಲಿ ಹಾಕಿದ ಡಾಂಬರ ಗುಳಿಗೆಯ ವಾಸನೆ ಇರಬೇಕು. ಆದರೆ ನೀನು ಹಾಗೆ ಅಂದ ಕೂಡಲೇ ನನ್ನ ಮೂಗಿಗೆ ಸ್ಪಿರಿಟ್ಟು, ಸೀಮೆಎಣ್ಣೆಯ ಸ್ಟೋವು, ಕುದಿಯುವ ನೀರು ಎಲ್ಲ ಒಟ್ಟಿಗೆ ಬಂದವು... ನಾನು ಒಳಗೆ ಹೋಗಿ ನೀರು ಕುಡಿದು ಬಂದೆ. ನಿಮಗೆ ತಿಳಿಯಲಿಲ್ಲ.

ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ನಾಲ್ಕು ಮಂದಿಯ ನಡುವೆ ನನಗೆ ಮಾತೇ ಹೊರಡುವುದಿಲ್ಲ, ನಿಮಗೆ ಗೊತ್ತು. ಆದರೆ ಊರ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಆ ಕುಂಚಿಗೆ ಸರ್ಕಾರದ್ದಲ್ಲ.

ನಾನು ಇಲಕಲ್ಲಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲಿಗೆ. ನಡುಮನೆಯಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ನನ್ನ ಗಂಡ, ನಿಮ್ಮ ಮುತ್ಯಾ, ಇನ್ನೊಂದರಲ್ಲಿ ನನ್ನ ಮಾವ ಕೂಡುತ್ತಿದ್ದರು. ಅತ್ತೆ ಮತ್ತು ನಾನು ರಾಟಿ ತಿರುವಿ ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದೆವು. ನಾನು ಎಡಗೈಯವಳು. ರೊಟ್ಟಿ ಬಡಿಯುವುದು, ಹೊಲಿಯುವುದು, ಎಲ್ಲ ಎಡಗೈಯಲ್ಲೇ. ಅತ್ತೆ ನನ್ನನ್ನು ಎಡಚಿ ಎಂದೇ ಕರೆಯುತ್ತಿದ್ದರು. "ನಮ್ಮ ಎಡಚಿ ರಾಟಿ ತಿರುವಿದ್ರ ನೂಲು ಅಂಗಡಿಗೆ ವಾಪಸ್ ಹೊಕ್ಕೈತಿ" ಎಂದು ಓಣಿಯ ಹೆಂಗಸರ ಮುಂದೆ ನಗುತ್ತಿದ್ದರು.

ನಿಮ್ಮಪ್ಪ ಹುಟ್ಟಿ ಐದಾರು ತಿಂಗಳಾಗಿತ್ತು. ಬಾಣಂತನದ ಸೊರಗು ಎಂದುಕೊಂಡಿದ್ದ ಕೆಮ್ಮು ಹೋಗಲೇ ಇಲ್ಲ. ಸಂಜೆಯಾದರೆ ಮೈ ಬಿಸಿ. ಒಂದು ಮುಂಜಾನೆ ಹಿತ್ತಲಲ್ಲಿ ಮುಸುರೆ ತಿಕ್ಕುತ್ತ ಕೆಮ್ಮಿದೆ. ಬೂದಿಯ ಮೇಲೆ ಕೆಂಪು ಬಿತ್ತು. ಅತ್ತೆ ನೋಡಿದರು. ಅವರು ಕೂಗಲಿಲ್ಲ. ಕಾಲಿನಿಂದ ಅದರ ಮೇಲೆ ಮಣ್ಣು ಎಳೆದು, "ಯಾರ ಮುಂದೂ ಅನಬ್ಯಾಡ" ಎಂದರು.

ಕ್ಷಯ. ಈಗ ಗುಳಿಗೆ ನುಂಗಿ ಮನೆಯಲ್ಲೇ ವಾಸಿ ಮಾಡಿಕೊಳ್ಳುತ್ತಾರೆ. ಆಗ ಆ ಹೆಸರು ಒಂದು ಮನೆಗೆ ಅಂಟಿದರೆ ಆ ಮನೆಯ ಹೊಸ್ತಿಲನ್ನು ಯಾರೂ ತುಳಿಯುತ್ತಿರಲಿಲ್ಲ, ಅಲ್ಲಿ ನೆಯ್ದ ಸೀರೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ನನಗೆ ಇಬ್ಬರು ನಾದಿನಿಯರು. ದೊಡ್ಡವಳಿಗೆ ಬಾಗಲಕೋಟೆಯ ಕಡೆ ಲಗ್ನದ ಮಾತು ನಡೆದಿತ್ತು. ಚಿಕ್ಕವಳು ಇನ್ನೂ ಲಂಗದ ಹುಡುಗಿ. ಅತ್ತೆ ಓಣಿಗೆ ಒಂದು ಕತೆ ಹೇಳಿದರು. "ಆಕಿ ಅಪ್ಪಗ ಹುಷಾರಿಲ್ಲ, ಆಕಿ ಬಿಟ್ರ ನೋಡವರಿಲ್ಲ. ಎದಿ ಹಾಲೂ ಬತ್ಯಾವ. ಕೂಸು ನಮ್ಮ ಹತ್ರನ ಇರ್ಲಿ ಅಂತ ಬಿಟ್ಟ ಹೋಗ್ಯಾಳ." ನನ್ನಪ್ಪ ಗಟ್ಟಿಮುಟ್ಟಾಗಿ ಬಂದು ನನ್ನನ್ನು ಹುನಗುಂದದ ಬಸ್ಸು ಹತ್ತಿಸಿದ. ಕೂಸು ಅತ್ತೆಯ ಹೆಗಲ ಮೇಲಿತ್ತು. ಬಸ್ಸಿನ ಸಪ್ಪಳಕ್ಕೆ ನಕ್ಕಿತು...

ಹುನಗುಂದದ ದವಾಖಾನೆಯ ಹಿಂಭಾಗದಲ್ಲಿ ಬೇವಿನ ಗಿಡದ ಕೆಳಗೆ, ಉಳಿದ ಕಟ್ಟಡಕ್ಕೆ ತಾಗದಂತೆ, ಕೋಲಿ ಎನ್ನುವ ಒಂದು ಉದ್ದನೆಯ ಕೋಣೆ ಇತ್ತು. ನಮ್ಮಂಥ ಹೆಂಗಸರನ್ನು ಅಲ್ಲಿ ಇಡುತ್ತಿದ್ದರು. ಅಪ್ಪ ಬಟ್ಟೆಯ ಗಂಟನ್ನು ಬಾಗಿಲ ಹೊರಗೇ ಇಟ್ಟು ನಿಂತ. ಒಳಗಿನಿಂದ ಒಂದು ದನಿ ಬಂತು.

"ಏನ್ ಯಜಮಾನ್ರ, ಮಗಳನ್ನ ಬಿಡಾಕ ಬಂದೀರೋ ಒಗಿಯಾಕ ಬಂದೀರೋ? ಒಳಗ ಬರ್ರಿ, ಬ್ಯಾನಿ ನಾಯಿ ಅಲ್ಲ ಕಡಿಯಾಕ!"

ಅವರೇ ನಮ್ಮ ಬಾಯಾರು. ನಮ್ಮ ಕಡೆ ನರ್ಸುಗಳನ್ನೂ ಸಾಲೆ ಕಲಿಸುವ ಹೆಂಗಸರನ್ನೂ ಹಾಗೇ ಕರೆಯುತ್ತಿದ್ದೆವು. ಬಿಳಿ ಸೀರೆ, ಬರಿ ಹಣೆ, ಬಡಕಲು ಮೈ. ಅಷ್ಟು ಸಣ್ಣ ಮೈಯಿಂದ ಅಂಥ ದನಿ ಎಲ್ಲಿಂದ ಬರುತ್ತಿತ್ತೋ. ಗೇಟಿನಾಚೆ ಟಾಂಗಾ ನಿಲ್ಲಿಸಿಕೊಂಡವನಿಗೂ ಕೇಳಿಸುತ್ತಿತ್ತು. ಅವರು ನಮ್ಮನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ಬಂದ ಊರಿನಿಂದ ಕರೆಯುತ್ತಿದ್ದರು. ನನ್ನ ಬದಿಯ ಮಂಚದವಳು ಕಮತಗಿ. ಬಾಗಿಲ ಹತ್ತಿರದವಳು ಐಹೊಳಿ. ನಾನು ಇಲಕಲ್ಲ ಸೀರಿ. "ಏ ಇಲಕಲ್ಲ ಸೀರಿ, ಮಡಿಚಿ ಇಟ್ಟಲ್ಲೆ ಬಿದ್ದಿರಬ್ಯಾಡ. ಎದ್ದ ಕೂಡು, ತತ್ತಿ ತಿನ್ನು!" ನಾವು ಮೊಟ್ಟೆ ತಿನ್ನುವವರಲ್ಲ ಎಂದು ಮೆಲ್ಲಗೆ ಹೇಳಿದೆ. "ಹಂಗಾದ್ರ ಶೇಂಗಾ ತಿನ್ನು. ಸುಮ್ನ ನನ್ನ ಸೂಜಿ ತಿಂದ್ರ ಹೊಟ್ಟಿ ತುಂಬೂದಿಲ್ಲ."

ಸೂಜಿ ಮಾಡಿಸಿಕೊಳ್ಳುವುದೆಂದರೆ ನನಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು. ನೋವಿಗಿಂತ ಸೀರೆ ಸಡಿಲಿಸುವುದೇ ಕಷ್ಟ. "ಏನ ಬಂಗಾರ ಬಚ್ಚಿಟ್ಟೀ ಅಂತ ಹಿಂಗ ಬಿಗಿ ಹಿಡೀತೀ?" ಎಂದು ಎಲ್ಲರಿಗೂ ಕೇಳುವಂತೆ ಬೈದರು. ಮರುದಿನ ತಮ್ಮದೇ ಒಂದು ಹಳೆಯ ಸೀರೆ ತಂದು ನನ್ನ ಮಂಚಕ್ಕೆ ಮರೆ ಕಟ್ಟಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಹಾಲು. ಬತ್ತಿದೆ ಎಂದು ಅತ್ತೆ ಓಣಿಗೆ ಹೇಳಿದ ಹಾಲು ಬತ್ತಿರಲಿಲ್ಲ. ಎದೆ ಕಲ್ಲಾಗಿ ಮಲಗಲು ಬರುತ್ತಿರಲಿಲ್ಲ. ಬಾಯಾರು ಬಿಸಿನೀರಿನ ಬಟ್ಟೆ ಇಟ್ಟು, ಒತ್ತಿ, ಒಂದು ಬಟ್ಟಲಲ್ಲಿ ಹಾಲು ತೆಗೆದರು. ದವಾಖಾನೆಯ ಆಯಾ ಅದನ್ನು ಮೋರಿಗೆ ಚೆಲ್ಲಲು ಒಯ್ದಾಗ ಓಡಿಹೋಗಿ ಬಟ್ಟಲು ಕಸಿದುಕೊಂಡರು. "ತುಳಿಯೂ ಜಾಗಾದಾಗ ತಾಯಿ ಹಾಲು ಚೆಲ್ತಾರೇನ ಹುಚ್ಚಿ?" ತಾವೇ ಹೋಗಿ ಬೇವಿನ ಬುಡಕ್ಕೆ, ಯಾರ ಕಾಲೂ ಬೀಳದ ಬೇರಿನ ಸಂದಿಗೆ ಸುರಿದು ಬಂದರು. ಹಾಲು ನಿಲ್ಲುವತನಕ ದಿನವೂ ಹಾಗೇ ಮಾಡಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಮಗನ ಪಾಲನ್ನು ಆ ಬೇವಿನ ಗಿಡ ಕುಡಿಯಿತು...

ನಿಮ್ಮ ಮುತ್ಯಾ ಸೀರೆ ಮಾರುವ ನೆವ ಮಾಡಿಕೊಂಡು ಆಗಾಗ ಬರುತ್ತಿದ್ದರು. ಒಮ್ಮೆ ಬಾಯಾರು ಅವರನ್ನು ಹಿಡಿದು ನಿಲ್ಲಿಸಿದರು.

"ಲಾಳಿ ಕಣ್ಣಾಗಿನ ಎಳಿ ಬಾಯಿಲೆ ಜಗ್ತೀಯೇನಪಾ?"

"ಹೌದ್ರಿ. ಎಲ್ಲಾರೂ ಹಂಗ ಜಗ್ತೀವ್ರಿ."

"ಇನ್ನ ಮ್ಯಾಲೆ ತಂತಿಲೆ ಜಗ್ಗು. ಮನ್ಯಾಗಿನ ಎಲ್ಲಾರ ಬಾಯಾಗೂ ಒಂದ ಲಾಳಿ ಹೋಗ್ತದ. ಹಂಗ್ಯಾಕ ನೋಡ್ತೀ? ನಾನೂ ಗುಳೇದಗುಡ್ಡದ ಮಗ್ಗದ ಮನಿ ಮಗಳ ಅದೇನಿ."

ಅವರ ವಿಷಯ ನಮಗೆ ತಿಳಿದದ್ದು ಅಷ್ಟೇ. ಖಣ ನೆಯ್ಯುವವರ ಮಗಳು. ಲಗ್ನವಾಗಿ ವರ್ಷ ತುಂಬುವುದರೊಳಗೆ ಗಂಡ ಹೋದ. ಮಕ್ಕಳಿಲ್ಲ. ಇದೂ ಆಯಾ ಹೇಳಿದ್ದೇ ಹೊರತು ಅವರು ಹೇಳಿದ್ದಲ್ಲ.

ಅವರದೊಂದು ಕಟ್ಟಳೆ ಇತ್ತು. ಕೋಲಿಗೆ ಬಂದ ಪ್ರತಿಯೊಬ್ಬಳಿಗೂ ಅದನ್ನು ಹೇಳುತ್ತಿದ್ದರು. "ದವಾಖಾನಿ ಗೇಟ ದಾಟಿದ ಮ್ಯಾಲೆ ನೀ ಯಾರೋ ನಾ ಯಾರೋ. ಸಂತ್ಯಾಗ ಕಂಡ್ರ ಮಾರಿ ತಿರುವು. ನಾನೂ ತಿರುವ್ತೇನಿ. ಬಾಯಾರಿಗೆ ಸೊಕ್ಕು ಬಂತು ಅಂತ ತಿಳಕೋಬ್ಯಾಡ." ಊರಿನಲ್ಲಿ ಎಲ್ಲರಿಗೂ ಅವರು ಕ್ಷಯದ ಕೋಲಿಯ ನರ್ಸು ಎಂದು ಗೊತ್ತಿತ್ತು. ಅವರು ಯಾರನ್ನು ಮಾತಾಡಿಸಿದರೂ ಅವರ ಮೇಲೆ ಮಂದಿಯ ಕಣ್ಣು ಬೀಳುತ್ತಿತ್ತು.

ಆ ಕಟ್ಟಳೆ ಎಲ್ಲಿಂದ ಬಂತೆಂದು ಆಯಾ ಹೇಳಿದಳು. ಬಾಯಾರು ಹೊಸದಾಗಿ ಬಂದಾಗ, ವಾಸಿಯಾಗಿ ಹೋದ ಒಬ್ಬ ಹುಡುಗಿ ಸಂತೆಯಲ್ಲಿ ಬಳೆಗಾರನ ಮುಂದೆ ಕೂತಿದ್ದಳಂತೆ. ಬಾಯಾರಿಗೆ ಸಂತೋಷ ತಡೆಯಲಾಗಲಿಲ್ಲ. ಆ ದೊಡ್ಡ ದನಿಯಲ್ಲಿ, "ಏ ಹುಡುಗಿ, ಮೈ ಕೈ ತುಂಬ್ಕೊಂಡ ಎಷ್ಟ ಚಂದ ಆಗೀಯಲ್ಲ! ಖೆಮ್ಮು ಹೋತೇನು?" ಎಂದು ಕೂಗಿಬಿಟ್ಟರು. ಪಕ್ಕದಲ್ಲಿ ಬಳೆ ಇಡಿಸುತ್ತಿದ್ದವಳು ಆ ಹುಡುಗಿಯ ಅತ್ತೆಯಾಗಬೇಕಾದವಳು. ನಿಶ್ಚಯವಾದ ಲಗ್ನ ಅಲ್ಲೇ ಮುರಿಯಿತು. ಆ ಹುಡುಗಿ ಮುಂದೆ ಏನಾದಳು ಎಂದು ನಾನು ಕೇಳಿದೆ. ಆಯಾ ಕಸಬರಿಗೆ ಎತ್ತಿಕೊಂಡು ಹೊರಗೆ ಹೋದಳು...

ಕೂಸುಗಳಿಗೆ ಸೂಜಿ ಹಾಕಲು ಬಾಯಾರನ್ನು ಆಗಾಗ ಇಲಕಲ್ಲಿಗೂ ಕಳಿಸುತ್ತಿದ್ದರು. ಒಂದು ದಿನ ಹೊರಡುವ ಮುಂಚೆ ನನ್ನ ಹತ್ತಿರ ಬಂದು, "ಯಾವ ಓಣಿ?" ಎಂದಷ್ಟೇ ಕೇಳಿದರು. ಸಂಜೆ ಬಂದವರು ಸ್ಟೋವಿಗೆ ಗಾಳಿ ಹೊಡೆಯುತ್ತ ಎಲ್ಲರಿಗೂ ಹೇಳುವಂತೆ ಹೇಳಿದರು: "ಎರಡ ಹಲ್ಲ ಬಂದಾವ. ನನ್ನ ಬಳ್ಳ ಕಡದಾನ ನಿನ್ನ ಮಗ. ಕೂಸಿನ ತಾಯಿ ಎಲ್ಲವಾ ಅಂತ ನಿಮ್ಮತ್ತಿನ್ನ ಕೇಳಿದೆ. ತವರಿಗೆ ಹೋಗ್ಯಾಳ್ರಿ ಅಂದ್ಲು. ಹೌದೇನವಾ ಅಂದೆ. ಇಬ್ಬರೂ ಎಷ್ಟ ಚಂದ ಸುಳ್ಳ ಹೇಳಿದ್ವಿ ಅಂದ್ರ, ನಾಟಕ ಕಂಪನಿಯವರು ಕೇಳಿದ್ರ ಕರ್ಕೊಂಡ ಹೋಗ್ತಿದ್ರು." ನಾನು ನಕ್ಕೆ. ನಗುತ್ತ ನಗುತ್ತ ಅತ್ತುಬಿಟ್ಟೆ. ಅವರ ಬೆರಳಿನ ಮೇಲೆ ಹಲ್ಲಿನ ಗುರುತು ಇನ್ನೂ ಇದೆಯೇನೋ ಎಂದು ಹಿಡಿದು ನೋಡಿದೆ.

ಮುಂದಿನ ವಾರ ಅವರು ಗುಳೇದಗುಡ್ಡದಿಂದ ಒಂದು ಖಣ ತಂದು ನನ್ನ ಮಡಿಲಿಗೆ ಎಸೆದರು. ದಾಳಿಂಬೆ ಕೆಂಪು, ಅಂಚಿಗೆ ಹಳದಿ. "ಕೈ ಖಾಲಿ ಇದ್ರ ಕಣ್ಣಾಗ ನೀರು ಬರ್ತಾವ. ಕುಂಚಿಗಿ ಹೊಲಿ." ನಾನು ಹೊಲಿದೆ. ಅವರು ಅದನ್ನು ಬೇರೆ ಪಾತ್ರೆಯಲ್ಲಿ ಹಾಕಿ ಸೂಜಿ ಕುದಿಸಿದಂತೆ ಕುದಿಸಿದರು, ಬಿಸಿಲಿಗೆ ಹರವಿದರು. ಬಣ್ಣವೆಲ್ಲ ನೀರಿಗೆ ಇಳಿದುಹೋಯಿತು. "ನಮ್ಮಪ್ಪ ನೋಡಿದ್ರ ಎದಿ ಎದಿ ಬಡಕೋತಿದ್ದ" ಎಂದರು. "ಬಣ್ಣ ಹೋದ್ರ ಹೋಗ್ಲಿ. ಬ್ಯಾನಿ ಹೋಗೂದಿಲ್ಲ ಕೂಸಿನ ಹತ್ರ."

ಅದನ್ನು ನಿಮ್ಮಪ್ಪನ ತಲೆಗೆ ತಾವೇ ಕಟ್ಟಿ, "ಸರ್ಕಾರದಿಂದ ಬಂದದ ಯವ್ವಾ" ಎಂದು ಅತ್ತೆಗೆ ಹೇಳಿ ಬಂದರು. ಅತ್ತೆ ಕುಂಚಿಗೆಯನ್ನು ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಕಟ್ಟಿದರಂತೆ. ಏನೂ ಕೇಳಲಿಲ್ಲವಂತೆ. ಆದರೆ ಸಂಜೆಯೊಳಗೆ ಇಡೀ ಓಣಿಗೆ ತೋರಿಸಿ ಬಂದಿದ್ದರು. ಮುಂದಿನ ಸಲ ಬಾಯಾರು ಹೋದಾಗ ಹೆಂಗಸರು ಸಾಲಾಗಿ ನಿಂತಿದ್ದರು. ಬಾಯಾರು ಗೇಟಿನಿಂದಲೇ ಕೂಗುತ್ತ ಬಂದರು: "ಇಲಕಲ್ಲ ಸೀರೀ! ನಿನ್ನ ಸಲುವಾಗಿ ಸರ್ಕಾರ ಮುಳುಗ್ತದ ಇವತ್ತ! ಕುಂಚಿಗಿ ಕೊಡ್ರಿ, ಇಲ್ಲಾಂದ್ರ ಸೂಜಿ ಬ್ಯಾಡ ಅಂತಾರ ಎಲ್ಲಾರೂ. ಒಬ್ಬಾಕಿಗಂತೂ ಹಸರ ಬಣ್ಣದ್ದ ಬೇಕಂತ!"

ಆ ಕೋಲಿಯಲ್ಲಿ ನಾವೆಲ್ಲ ಸೇರಿ ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕೆವು. ಮರುದಿನ ಬಾಯಾರು ಖಣದ ತುಂಡುಗಳ ಗಂಟು ತಂದರು. ಕಮತಗಿ ಕತ್ತರಿಸಿದಳು, ನಾನೂ ಐಹೊಳಿಯೂ ಹೊಲಿದೆವು. ಯಾರದೋ ಕೂಸುಗಳಿಗೆ, ನಮ್ಮ ಕೂಸುಗಳನ್ನು ಮುಟ್ಟಲಾಗದ ನಾವು.

ಐಹೊಳಿ ಹೊಲಿಯುತ್ತಿದ್ದ ಹಸಿರು ಕುಂಚಿಗೆ ಅರ್ಧಕ್ಕೇ ನಿಂತಿತು. ಒಂದು ಮುಂಜಾನೆ ಅವಳು ಏಳಲಿಲ್ಲ. ಅವಳ ಮನೆಯವರು ಬಂದು ಮುಖ ಮುಚ್ಚಿಕೊಂಡು ಒಯ್ದರು. ಬಾಯಾರು ಅವಳ ಮಂಚದ ಮೇಲೆ ಕೂತು, ಅವಳ ಸೂಜಿದಾರವನ್ನೇ ಎತ್ತಿಕೊಂಡು ಆ ಕುಂಚಿಗೆಯನ್ನು ಮುಗಿಸಿದರು. ಅವರ ದನಿ ಆ ದಿನ ಒಮ್ಮೆಯೂ ಕೇಳಲಿಲ್ಲ. ಅದು ಇಲ್ಲದ ಕೋಲಿಯಲ್ಲಿ ನಮಗೆ ಹೆದರಿಕೆಯಾಯಿತು...

ನನಗೆ ವಾಸಿಯಾಯಿತು. ವರ್ಷದ ಮೇಲೆ ಹಿಡಿಯಿತು, ಆದರೆ ಆಯಿತು. ಹೊರಡುವ ದಿನ ಬಾಯಾರ ಕಾಲು ಮುಟ್ಟಿದೆ. ನಮ್ಮ ಮನೆಗೆ ಬನ್ನಿರಿ, ನಿಮ್ಮ ಉಡಿ ತುಂಬಬೇಕು ಎಂದೆ. ಅಕ್ಕಿ, ಕೊಬ್ಬರಿ, ಖಣ ಇಟ್ಟು ಹೆಣ್ಣುಮಕ್ಕಳ ಮಡಿಲು ತುಂಬುವುದಕ್ಕಿಂತ ದೊಡ್ಡ ಗೌರವ ನನಗೆ ಗೊತ್ತಿರಲಿಲ್ಲ. ಅವರು ಕಾಲು ಹಿಂದೆ ಎಳೆದುಕೊಂಡರು.

"ಗಂಡ ಸತ್ತಾಕಿಗೆ ಎಲ್ಲೀ ಉಡಿ? ನಿಮ್ಮತ್ತಿ ಕೇಳಿದ್ರ ಕಸಬರಿಗಿ ತಗೋತಾಳ."

"ನನಗ ಅದೆಲ್ಲಾ ಗೊತ್ತಿಲ್ಲರಿ. ನೀವು ಬರಬೇಕು."

ಅವರು ನನ್ನ ಬಟ್ಟೆಯ ಗಂಟು ಎತ್ತಿ ಕೈಗೆ ಕೊಟ್ಟರು. "ನಾ ನಿಮ್ಮ ಮನಿಗೆ ಬಂದ್ರ ಓಣಿಯವರು ಯಾಕ ಬಂದ್ಲು ಅಂತ ಕೇಳ್ತಾರ. ನಿನ್ನ ನಾದಿನಿಯರ ಲಗ್ನ ಆಗ್ಲಿ. ಇಬ್ಬರದೂ. ಆಮ್ಯಾಲೆ ಕರಿ. ಹೋಳಿಗಿ ಉಣ್ಣಾಕ ಬರ್ತೇನಿ. ಈಗ ಗೇಟ ದಾಟು. ತಿರುಗಿ ನೋಡಬ್ಯಾಡ."

ನಾನು ತಿರುಗಿ ನೋಡಲಿಲ್ಲ.

ಮನೆಗೆ ಬಂದೆ. ನಿಮ್ಮಪ್ಪ ಅತ್ತೆಯ ಸೆರಗಿನ ಹಿಂದೆ ಅಡಗಿಕೊಂಡ. ಅವರನ್ನೇ ಅವ್ವ ಎನ್ನುತ್ತಿದ್ದ. ಕೆಲವು ತಿಂಗಳ ಮೇಲೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಸುಗಳಿಗೆ ಸೂಜಿ ಹಾಕಲು ದವಾಖಾನೆಯವರು ಬಂದರೆಂದು ಓಣಿಯೆಲ್ಲ ನೆರೆಯಿತು. ನಾನು ಮಗನನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತೆ. ನಮ್ಮ ಸರದಿ ಬಂತು. ಬಾಯಾರು ತಲೆ ಎತ್ತಿ, ಗುರುತಿಲ್ಲದವರನ್ನು ನೋಡುವಂತೆ ನನ್ನನ್ನು ನೋಡಿದರು.

"ಈ ಕೂಸಿನ ತಾಯಿ ಯಾರವಾ?"

"ನಾನ್ರಿ."

"ಹೆಸರೇನು?"

ಅಷ್ಟು ದಿನ ಅವರ ಕೈಯಲ್ಲಿ ಬದುಕಿದ್ದೆ, ಅವರು ನನ್ನ ಹೆಸರು ಕೇಳಿದ್ದು ಅದೇ ಮೊದಲ ಸಲ. ಹೇಳಿದೆ. ಒಂದು ಕೈಯಲ್ಲಿ ಮಗನ ತೋಳು ಹಿಡಿದಿದ್ದರು. ಇನ್ನೊಂದು ಕೈ, ಕೂಸಿನ ಅಂಗಿಯ ಮರೆಯಲ್ಲಿ, ನನ್ನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿತ್ತು. "ಕೂಸು ಛಲೋ ಅದ" ಎಂದರು. "ತಾಯೀನೂ ಛಲೋ ಅದಾಳ. ಮುಂದ ಬರ್ರಿ ಯಾರಿದ್ದೀರಿ." ನಾನು ಮುಖ ತಿರುವಿಕೊಂಡು ಮನೆಗೆ ಬಂದೆ. ಇಲಕಲ್ಲ ಸೀರಿ ಎಂದು ಅವರು ನನ್ನನ್ನು ಮತ್ತೆ ಎಂದೂ ಕರೆಯಲಿಲ್ಲ.

ಆಮೇಲೆ ವರ್ಷಗಳೇ ಹೋದವು. ಹುನಗುಂದದ ಸಂತೆಯಲ್ಲಿ, ಅಮೀನಗಡದ ಬಸ್‌ಸ್ಟ್ಯಾಂಡಿನಲ್ಲಿ ಅವರು ಕಾಣುತ್ತಿದ್ದರು. ನಾನು ಮುಖ ತಿರುವುತ್ತಿದ್ದೆ, ಅವರೂ ತಿರುವುತ್ತಿದ್ದರು. ಒಮ್ಮೆ ಕೂಡಲಸಂಗಮದಲ್ಲಿ, ಹೊಳೆಯ ಮೆಟ್ಟಿಲ ಮೇಲೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದರು. ನಿಮ್ಮಪ್ಪ ಆಗ ಸಾಲೆಗೆ ಹೋಗುವ ಹುಡುಗ, ನೀರಿನಲ್ಲಿ ಆಡುತ್ತಿದ್ದ. ಬಾಯಾರು ಅವನನ್ನೇ ನೋಡುತ್ತಿದ್ದರು. ಅವನು ಕಡಿದ ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು, ಅಥವಾ ನನಗೆ ಹಾಗೆ ಕಂಡಿತೋ... ನಂತರ ಹೊಳೆಯ ಕಡೆ ತಿರುಗಿದರು.

ಎಂಬತ್ತರ ದಶಕದಲ್ಲಿ ಚಿಕ್ಕ ನಾದಿನಿಯ ಲಗ್ನವಾಯಿತು. ಅವಳನ್ನು ಗಂಡನ ಮನೆಗೆ ಕಳಿಸಿ ಬಂದ ಮರುದಿನವೇ ನಾನು ನಿಮ್ಮ ಮುತ್ಯಾನ ಮುಂದೆ ಹೇಳಿದೆ, ಇನ್ನು ಬಾಯಾರನ್ನು ಕರೆಯುತ್ತೇನೆ ಎಂದು. ಅವರು, "ಕರಿ. ನಾನ ಹೋಗಿ ಬಸ್‌ಸ್ಟ್ಯಾಂಡಿನಿಂದ ಕರ್ಕೊಂಡ ಬರ್ತೇನಿ" ಎಂದರು. ಹುನಗುಂದಕ್ಕೆ ಹೋದೆ. ಆಯಾ ಮುದುಕಿಯಾಗಿದ್ದಳು. "ಬಾಯಾರು ಇಲ್ಲಿಲ್ಲವ್ವಾ. ಮೈಯಾಗ ಭಾಳ ಆರಾಮಿಲ್ಲ, ತಮ್ಮನ ಮನಿಗೆ ಗುಳೇದಗುಡ್ಡಕ್ಕ ಹೋಗ್ಯಾರ. ನನಗ ಗೊತ್ತಿದ್ದವರಿಗೆಲ್ಲಾ ಹೇಳಾಕತ್ತೇನಿ. ನೋಡೂದಿದ್ರ ಲಗೂನ ಹೋಗಿ ಬಾ."

ಉಡಿಯ ಸಾಮಾನು ಚೀಲದಲ್ಲಿ ಕಟ್ಟಿಕೊಂಡೆ. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಮತ್ತೆ ದಾಳಿಂಬೆ ಕೆಂಪಿನ ಒಂದು ಖಣ. ಆ ಕುಂಚಿಗೆ ಕುದಿಯುವ ಮುಂಚೆ ಯಾವ ಬಣ್ಣವಿತ್ತೋ ಅದೇ ಬಣ್ಣ ಹುಡುಕಿ ತಂದಿದ್ದೆ. ಅಮೀನಗಡದಲ್ಲಿ ಬಸ್ಸು ಬದಲಿಸಿದೆ. ದಾರಿಯಲ್ಲಿ ಹತ್ತಿದ ಒಬ್ಬಳು ಮುಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತಳು. ಅವಳ ಕಿವಿಯ ಬುಗುಡಿಯಲ್ಲಿ ಒಂದು ಹರಳು ಬಿದ್ದಿತ್ತು. ಆ ಬುಗುಡಿಯನ್ನು ನಾನು ಪಕ್ಕದ ಮಂಚದಿಂದ ತಿಂಗಳುಗಟ್ಟಲೆ ನೋಡಿದ್ದೆ. ಕಮತಗಿ! ಅವಳೂ ನನ್ನನ್ನು ಕಂಡಳು. ಕಿಟಕಿಯ ಕಡೆ ಮುಖ ತಿರುವಿದಳು. ನಾನೂ ತಿರುವಿದೆ. ಗುಳೇದಗುಡ್ಡದಲ್ಲಿ ಇಳಿದು ರಸ್ತೆಯ ಆ ಬದಿ ಅವಳು, ಈ ಬದಿ ನಾನು ನಡೆದೆವು.

ಗುಳೇದಗುಡ್ಡದಲ್ಲಿ ಯಾವ ಓಣಿ ಹೊಕ್ಕರೂ ಮಗ್ಗದ ಸಪ್ಪಳ ಕಿವಿ ತುಂಬುತ್ತದೆ. ಒಂದು ಓಣಿ ದಾಟಿದೆ, ಇನ್ನೊಂದು ದಾಟಿದೆ, ಎಲ್ಲ ಕಡೆ ಲಾಳಿ ಓಡುತ್ತಿತ್ತು. ಬಾಯಾರ ತಮ್ಮನ ಮನೆ ಇದ್ದ ಓಣಿಗೆ ತಿರುಗಿದೆ. ಅಲ್ಲಿ ಸಪ್ಪಳವಿರಲಿಲ್ಲ. ಮಗ್ಗದ ಮನೆಯವಳಿಗೆ ಬೇರೆ ಯಾರೂ ಬಂದು ಹೇಳಬೇಕಾಗಿಲ್ಲ. ಓಣಿಯಲ್ಲಿ ಹೆಣ ಇರುವತನಕ ಯಾರೂ ಲಾಳಿ ಹೊಡೆಯುವುದಿಲ್ಲ. ನಾನು ಅಲ್ಲೇ ಗೋಡೆ ಹಿಡಿದು ನಿಂತೆ...

ಪಡಸಾಲೆಯಲ್ಲಿ ಅವರನ್ನು ಕುಳ್ಳಿರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಇನ್ನೂ ಸಣ್ಣದಾಗಿದ್ದರು. ಮುಂದೆ ನೆರೆಹೊರೆಯ ಕೆಲವರು. ಓಣಿಯ ಮೂಲೆಯಲ್ಲಿ, ಬಣ್ಣದ ನೂಲು ಒಣಹಾಕಿದ ಗಳುವಿನ ಹಿಂದೆ, ಮೂರೋ ನಾಲ್ಕೋ ಹೆಂಗಸರು ಸೆರಗು ಮರೆಮಾಡಿಕೊಂಡು ನಿಂತಿದ್ದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ಹಾಗೆ, ದೂರ ದೂರ. ಕಮತಗಿಯೂ ಅಲ್ಲಿ ಹೋಗಿ ನಿಂತಳು. ನಾನೂ ನಿಂತೆ. ಬಾಯಾರು ಹೇಳಿದ್ದಂತೆ ಎಲ್ಲರೂ ಮುಖ ತಿರುವಿಕೊಂಡಿದ್ದೆವು.

ಪಡಸಾಲೆಯಲ್ಲಿ ಒಬ್ಬ ಮುದುಕಿ, "ಇಷ್ಟ ವರ್ಷ ನೌಕರಿ ಮಾಡಿದ್ಲು. ಆ ಊರಿಂದ ಒಂದ ನರಪಿಳ್ಳಿ ಬಂತೇನ ನೋಡ್ರಿ. ಪಾಪ, ಯಾರೂ ಇಲ್ಲದಾಕಿ" ಎಂದಳು.

ಆ ಮಾತು ಕೇಳಿ ನನ್ನ ಕಾಲುಗಳು ತಾವಾಗಿ ನಡೆದವು. ಪಡಸಾಲೆ ಹತ್ತಿ, ಬಾಯಾರ ಮುಂದೆ ಕೂತು, ಚೀಲ ಬಿಚ್ಚಿ ಅವರ ಮಡಿಲಿಗೆ ಅಕ್ಕಿ ಹಾಕಿದೆ. ಮುದುಕಿ ನನ್ನ ಕೈ ಹಿಡಿದಳು.

"ಏ ತಂಗಿ, ಏನ ಮಾಡಾಕತ್ತೀ? ಆಕಿ ಗಂಡ ಸತ್ತಾಕಿ, ಉಡಿ ತುಂಬಬಾರದು. ಯಾರು ನೀ? ಈಕಿಗೆ ಏನಾಗಬೇಕು?"

ನಾಲ್ಕು ಮಂದಿಯ ಮುಂದೆ ಮಾತು ಬಾರದವಳು ನಾನು. ಆ ಮಾತು ಇಲಕಲ್ಲಿಗೆ ಮುಟ್ಟಿದರೆ ಇಬ್ಬರು ನಾದಿನಿಯರ ಮನೆಯಲ್ಲಿ ಏನಾಗುತ್ತದೋ ಎಂಬ ಹೆದರಿಕೆಯೂ ಇತ್ತು. ಆದರೂ ಹೇಳಿದೆ. "ನನಗ ಕ್ಷಯ ಆಗಿತ್ರಿ. ಈಕಿ ಸೂಜಿ ಮಾಡಿ ಉಳಿಸ್ಯಾಳ. ನಾ ಇಲಕಲ್ಲದಾಕಿ." ದನಿ ಅಷ್ಟು ದೊಡ್ಡದಾಗಿ ಬಂತು, ಬಾಯಾರದೇ ದನಿ ಬಂದಂತೆ.

ಮುದುಕಿ ಕೈ ಬಿಟ್ಟಳು. ಹಿಂದಿನಿಂದ ಯಾರೋ ಬಂದು ನನ್ನ ಪಕ್ಕದಲ್ಲಿ ಕೂತರು. "ನಾನೂ ರಿ" ಎಂದಳು ಕಮತಗಿ, ಸೆರಗು ತೆಗೆದು. "ನಾನೂ ಈಕಿ ಮಂದೀನ." ನಾವಿಬ್ಬರೂ ಸೇರಿ ಕೊಬ್ಬರಿ ಇಟ್ಟೆವು, ಖಣ ಇಟ್ಟೆವು. ಉಳಿದವರು ನೂಲಿನ ಹಿಂದೆಯೇ ನಿಂತಿದ್ದರು. ಅವರನ್ನು ನಾನು ಏನೂ ಅನ್ನುವುದಿಲ್ಲ. ಅವರು ಬಾಯಾರ ಮಾತು ನಡೆಸಿದರು. ನಾವು ಮುರಿದೆವು.

ಬಾಯಾರ ತಮ್ಮ ನಮ್ಮ ಹತ್ತಿರ ಬಂದು ಕೂತ. "ಇಲಕಲ್ಲ ಅಂದ್ರೇನ್ರಿ ನೀವು? ಅಕ್ಕ ಜ್ವರದಾಗ ಬರೇ ಊರ ಹೆಸರ ಅಂತಿದ್ಲು. ಐಹೊಳಿ ಅಂತಿದ್ಲು, ಕಮತಗಿ ಅಂತಿದ್ಲು, ಇಲಕಲ್ಲ ಇಲಕಲ್ಲ ಅಂತಿದ್ಲು. ಅಲ್ಲೆಲ್ಲಾ ಹೋಗಬೇಕಂತಾಳೇನೋ ಅಂತ ತಿಳಕೊಂಡಿದ್ವಿ ನಾವು. ಆರಾಮ ಆಗು, ಬಸ್ಸಿನ್ಯಾಗ ಕರ್ಕೊಂಡ ಹೋಗ್ತೇನಿ ಅಂತ ಸಮಾಧಾನ ಮಾಡ್ತಿದ್ದೆ."

ಕಮತಗಿ ನನ್ನ ಹೆಗಲ ಮೇಲೆ ತಲೆ ಇಟ್ಟಳು. ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಬಂದೆ. ಅವಳ ಹೆಸರು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಅವಳು ತನ್ನ ಊರಲ್ಲಿ ಇಳಿದು ಹೋದಳು. ಮತ್ತೆ ಕಾಣಲಿಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿದೆ, ಅಷ್ಟು ಮಂದಿಯ ಮುಂದೆ ಬಾಯಿಬಿಟ್ಟೆ ಎಂದೂ ಹೇಳಿದೆ. ಅವರು ಕಂಡಿಕೆ ಸುತ್ತುತ್ತ ಕೂತಿದ್ದರು. ರಾಟಿ ನಿಲ್ಲಿಸಿದರು. ಎದ್ದುಹೋಗಿ ತಮ್ಮ ಪೆಟ್ಟಿಗೆಯಿಂದ ಆ ಕುಂಚಿಗೆ ತಂದು ನನ್ನ ಮುಂದೆ ಇಟ್ಟರು.

"ಹೊಲಿಗಿ ನೋಡು" ಎಂದರು. "ಎಲ್ಲಾರದೂ ಬಲಕ್ಕ ವಾಲ್ತದ, ಇದು ಎಡಕ್ಕ ವಾಲ್ಯದ. ಸರ್ಕಾರ ಎಡಗೈಲೆ ಹೊಲೀತದೇನ? ಆಕಿ ಕಟ್ಟಿದಾಗ ನನಗ ಗೊತ್ತಾತು. ನಿನಗ ಜೀವ ಬರಾಕತ್ತದ, ಕೈ ಆಡಸಾಕತ್ತೀ ಅಂತ. ಅದಕ್ಕ ಓಣಿಯೆಲ್ಲಾ ತಿರುಗಿ ಸರ್ಕಾರದ್ದು ಸರ್ಕಾರದ್ದು ಅಂತ ಹೇಳಿ ಬಂದೆ, ಮತ್ತೊಬ್ಬಾಕಿ ಹೊಲಿಗಿ ನೋಡೂದ್ರಾಗ." ಸೆರಗಿನಿಂದ ಮೂಗು ಒರೆಸಿಕೊಂಡರು. "ಆಕಿನ್ನ ಒಮ್ಮೆ ಮನ್ಯಾಗ ಕರದು ಕುಂದರಸಬೇಕಿತ್ತು ಎಡಚೀ. ಒಂದ ಹೋಳಿಗಿ..." ಮತ್ತೆ ರಾಟಿ ತಿರುವತೊಡಗಿದರು.

ಆ ಮಾತು ಇಲಕಲ್ಲಿಗೆ ಮುಟ್ಟಿತೋ ಇಲ್ಲವೋ, ನಮ್ಮ ಮುಂದೆ ಯಾರೂ ಆಡಲಿಲ್ಲ. ನಿಮ್ಮಪ್ಪನಿಗೂ ನಾವು ಹೇಳಲಿಲ್ಲ. ಹುಡುಗನಿಗೆ ಯಾಕೆ ಎಂದುಕೊಂಡೆವು. ಆಮೇಲೆ ಹೇಳುವ ಹೊತ್ತು ಬರಲೇ ಇಲ್ಲ. ಅವನಿಗೆ ಇವತ್ತಿಗೂ ಅದು ಸರ್ಕಾರಿ ಕುಂಚಿಗೆ.

ಈಗ ಅತ್ತೆ ಇಲ್ಲ, ನಿಮ್ಮ ಮುತ್ಯಾ ಇಲ್ಲ. ಬಾಯಾರ ಹೆಸರು ಹಿಡಿದು ಅಳುವವಳು ನಾನೊಬ್ಬಳೇ ಉಳಿದಿರಬೇಕು. ಆ ಹೆಸರನ್ನು ಇಲ್ಲಿಯೂ ಬರೆದಿಲ್ಲ; ಅವರ ಎದುರಿಗೆ ಒಮ್ಮೆಯೂ ಅದನ್ನು ಕರೆದವಳಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದಾಗೆಲ್ಲ ಮೊದಲನೆಯದನ್ನು ಬೇವಿನ ಬುಡಕ್ಕೆ ಯಾಕೆ ಇಡುತ್ತೀ ಆಯಿ ಎಂದು ನೀವು ಕೇಳುತ್ತಿದ್ದಿರಿ. ಈಗ ತಿಳಿಯಿತಲ್ಲ.

ಅನ್ನಪೂರ್ಣಾ, ನಿನ್ನ ಕೂಸಿಗೆ ಆ ಕುಂಚಿಗೆಯನ್ನು ಒಂದು ದಿನವಾದರೂ ಕಟ್ಟು. ಸಂಗಮೇಶಾ, ಈ ಹಾಳೆಗಳನ್ನು ಮೊದಲು ನಿಮ್ಮಪ್ಪನಿಗೆ ಓದಿ ಹೇಳು. ನಾನು ಒಳಗೆ ಇರುತ್ತೇನೆ, ನನ್ನನ್ನು ಕರೆಯಬೇಡ. ಆಮೇಲೆ ಇವನ್ನು ಮಡಿಚಿ ಕುಂಚಿಗೆಯ ಒಳಗೇ ಇಡಿರಿ, ಮಳೆಗಾಲದಲ್ಲಿ ಬಿಸಿಲಿಗೆ ಹಾಕಿರಿ, ಗೆದ್ದಲಿಗೆ ಬಿಡಬೇಡಿರಿ. ಮುಂದೆ ಯಾರಾದರೂ ಅದನ್ನು ಎತ್ತಿ ನೋಡಿ ಇದು ಯಾರು ಕೊಟ್ಟದ್ದು ಎಂದು ಕೇಳಿದರೆ ಸರ್ಕಾರದ್ದು ಅನ್ನಬೇಡಿರಿ. ಬಾಯಾರು ಕೊಟ್ಟದ್ದು ಎಂದು ಗಟ್ಟಿಯಾಗಿ ಹೇಳಿರಿ, ಗೇಟಿನಾಚೆಗೂ ಕೇಳಿಸುವಂತೆ.